ಬಿಸಿಲಿಗೆ ಹಾಕಿದ ಸಿಗಾರು

ನನ್ನ ಸೂಜಿ ದಾರದ ಪೆಟ್ಟಿಗೆ ಒಂದು ಕಾಲಕ್ಕೆ ಸಿಗಾರಿನ ಪೆಟ್ಟಿಗೆಯಾಗಿತ್ತು. ಇದನ್ನು ಮನೆಗೆ ಬಂದವರಿಗೆ ನಾನಾಗಿ ಹೇಳುವುದಿಲ್ಲ. ಮೂವತ್ತು ವರ್ಷ ಚನ್ನರಾಯಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಪಾಠ ಹೇಳಿ, ಜಡೆ ಬಿಗಿಯಾಗಿ ಹಾಕಿಲ್ಲವೆಂದು ಅವರನ್ನು ಬಾಗಿಲಲ್ಲೇ ನಿಲ್ಲಿಸಿದವಳು ನಾನು. ಅಂಥವಳ ಮನೆಯಲ್ಲಿ ಸಿಗಾರಿನ ಪೆಟ್ಟಿಗೆ ಇದೆಯೆಂದು ಗೊತ್ತಾದರೆ ನನ್ನ ಹಳೆಯ ವಿದ್ಯಾರ್ಥಿನಿಯರಿಗೆ ಅಂದು ಹಬ್ಬ.

ಮೊನ್ನೆ ಎದುರು ಮನೆಯ ಶ್ರೀಕಂಠಯ್ಯನವರು ಕಿತ್ತುಹೋದ ಅಂಗಿ ಗುಂಡಿ ಹಿಡಿದುಕೊಂಡು ಬಂದರು. ಎಂಜಿನಿಯರಾಗಿ ನಿವೃತ್ತರಾದವರು. ಸೇತುವೆ ಕಟ್ಟಿಸಿದ್ದಾರೆ, ಗುಂಡಿ ಹೊಲಿಯಲು ಬರುವುದಿಲ್ಲ. ಅವರ ಮನೆಯವರು ಮಗಳ ಬಾಣಂತನಕ್ಕೆ ಹೋಗಿದ್ದಾರೆ. ನಾನು ಪೆಟ್ಟಿಗೆ ತೆಗೆದು ದಾರ ಹುಡುಕುತ್ತಿದ್ದಾಗ ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಮೇಡಂ, ಇದು ಸಿಗಾರ್ ಬಾಕ್ಸ್ ಅಲ್ವಾ?"

"ಗುಂಡಿ ಬಾಕ್ಸ್," ಅಂದೆ.

ಅವರು ನಕ್ಕರು. ಆಚೀಚೆ ನೋಡಿ, ಜೇಬಿನಿಂದ ಒಂದು ಸಿಗಾರ್ ತೆಗೆದರು. ಯಾರೋ ಹಳೆಯ ಸ್ನೇಹಿತರು ಕೊಟ್ಟಿದ್ದಂತೆ. "ತುಂಬಾ ಮೈಲ್ಡು ಮೇಡಂ. ಗಂಟಲಿಗೆ ಗೊತ್ತೇ ಆಗಲ್ಲ. ಒಳ್ಳೇ ಮಾಲು." ನಾನು ಕೈ ಚಾಚಿದೆ. ಕೊಟ್ಟರು. ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದೆ. ಸದ್ದಿಲ್ಲದೆ ತಗ್ಗಿ ಮತ್ತೆ ಉಬ್ಬಿತು. ಮೂಗಿಗೆ ಹಿಡಿದೆ. "ಇದನ್ನ ಯಾರೋ ಚೆನ್ನಾಗಿ ಸಾಕಿದ್ದಾರೆ," ಎಂದು ಹಿಂದಕ್ಕೆ ಕೊಟ್ಟೆ. ಶ್ರೀಕಂಠಯ್ಯನವರು ತೆರೆದ ಬಾಯಿ ಮುಚ್ಚದೆಯೇ ಗುಂಡಿ ಹೊಲಿಸಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅವರ ಮನೆಯ ವರಾಂಡದಿಂದ ಆ ಹೊಗೆ ರಸ್ತೆ ದಾಟಿ ನಮ್ಮ ಕಿಟಕಿಗೆ ಬಂತು. ಕಾದ ಹಾಲಿನ ವಾಸನೆ, ಅದರ ಹಿಂದೆ ಹುರಿದ ಕಡಲೆಕಾಯಿಯ ವಾಸನೆ. ನಾನು ಸೂಜಿಗೆ ದಾರ ಪೋಣಿಸಲಾರದೆ ಕೂತುಬಿಟ್ಟೆ. ಕಣ್ಣು ಮಂಜಾಗಿದ್ದು ವಯಸ್ಸಿನಿಂದ ಅಲ್ಲ. ಅತ್ತುಬಿಟ್ಟೆ ಎಂದೇ ಹೇಳಿಬಿಡುತ್ತೇನೆ, ನಿಮ್ಮ ಹತ್ತಿರ ಮುಚ್ಚುಮರೆ ಏಕೆ?

ನಮ್ಮಪ್ಪ ಅರಕಲಗೂಡಿನಲ್ಲಿ ಹೊಗೆಸೊಪ್ಪಿಗೆ ನಂಬ್ರು ಹಾಕುತ್ತಿದ್ದ. ಸುತ್ತಲಿನ ಹಳ್ಳಿಯ ರೈತರು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸಿದ ಸೊಪ್ಪನ್ನು ಗಾಡಿಗಳಲ್ಲಿ ಕಂಪನಿಯ ಗೋಡೌನಿಗೆ ತರುತ್ತಿದ್ದರು. ಅಪ್ಪ ಒಂದೊಂದು ಹೊರೆಯಿಂದಲೂ ಎಲೆ ಎಳೆದು, ಬೆಳಕಿಗೆ ಹಿಡಿದು, ಮುರಿದು, ಮೂರು ಸಲ ಮೂಸಿ ನೋಡಿ, ಕಿವಿಯ ಮೇಲಿದ್ದ ನೀಲಿ ಪೆನ್ಸಿಲ್ ತೆಗೆದು ಚೀಟಿಯ ಮೇಲೆ ಒಂದರಿಂದ ಆರರೊಳಗೆ ಒಂದು ಅಂಕಿ ಬರೆಯುತ್ತಿದ್ದ. ಒಂದು ಎಂದರೆ ಮೇಲು ಬೆಲೆ, ಆರು ಎಂದರೆ ಕಸದ ಬೆಲೆ. ಅಷ್ಟೇ ಅವನ ಕೆಲಸ. ಆ ಅಂಕಿಯಲ್ಲಿ ಒಂದು ಸಂಸಾರದ ಇಡೀ ವರ್ಷ ಇರುತ್ತಿತ್ತು. ಹೆಸರು ನಂಜಪ್ಪ, ಊರಿನ ಬಾಯಲ್ಲಿ ನಂಬ್ರಪ್ಪ. ನಾನು ಶಾಲೆಗೆ ಹೋಗುವಾಗ "ನಂಬ್ರಪ್ಪನ ಮಗ್ಳು, ಮಾರ್ಕ್ಸ್ ಎಷ್ಟಮ್ಮಿ?" ಎಂದು ಕೇಳಿ ನಗುತ್ತಿದ್ದರು. ಲೆಕ್ಕದಲ್ಲಿ ನನಗೆ ಬರುತ್ತಿದ್ದ ಮಾರ್ಕ್ಸಿಗೆ ಅಪ್ಪನ ಆರನೇ ನಂಬ್ರೂ ಸಾಲುತ್ತಿರಲಿಲ್ಲ.

ಆಶ್ವೀಜದಿಂದ ಶಿವರಾತ್ರಿಯವರೆಗೆ ಸೊಪ್ಪಿನ ಸುಗ್ಗಿ. ಆ ಐದು ತಿಂಗಳು ಅಪ್ಪನ ಮೂಗೇ ನಮ್ಮ ಮನೆದೇವರು. ಬೀಡಿ ಇಲ್ಲ, ಎಲೆಅಡಿಕೆ ಇಲ್ಲ, ಹಸಿ ಈರುಳ್ಳಿ ಇಲ್ಲ. ಬೆಳಿಗ್ಗೆ ಅವನು ಗೋಡೌನಿಗೆ ಹೋಗುವ ತನಕ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಒಗ್ಗರಣೆಯಿಲ್ಲದ ಉಪ್ಪಿಟ್ಟನ್ನು ನೀವು ತಿಂದಿದ್ದೀರೋ ಇಲ್ಲವೋ. ನಾನು ಹದಿನಾಲ್ಕು ವರ್ಷ ತಿಂದಿದ್ದೇನೆ. ಅವ್ವ ತಲೆಗೆ ಹೂ ಮುಡಿಯುವುದೂ ಅಪ್ಪ ಆಚೆ ಹೋದ ಮೇಲೆಯೇ. "ನಿಮ್ಮಪ್ಪನ ಮೂಗಿಗೆ ನಾನ್ ಎಲ್ಡ್ನೇ ಎಂಡ್ತಿ ಕಣಮ್ಮಿ, ಮೊದ್ಲನೇಳು ಒಗೆಸೊಪ್ಪು," ಎಂದು ಅವ್ವ ನಗುತ್ತಿದ್ದಳು. ಆ ನಗುವಿನಲ್ಲಿ ದೂರು ಇರಲಿಲ್ಲ. ಆಗ ಇರಲಿಲ್ಲ.

ಕಂಪನಿಗೆ ಒಬ್ಬ ಬಿಳಿ ದೊರೆ ಇದ್ದ. ಸುಗ್ಗಿಯಲ್ಲಿ ಬಂದು ಪ್ರವಾಸಿ ಮಂದಿರದಲ್ಲಿ ಇಳಿಯುತ್ತಿದ್ದ, ಸೊಪ್ಪು ನೋಡಿ ಹೋಗುತ್ತಿದ್ದ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾದರೂ ಊರಿಗೆ ಹೋಗದೆ ಉಳಿದಿದ್ದ ಮುದುಕ. ಅಪ್ಪನ ಮೂಗಿನ ಮೇಲೆ ಅವನಿಗೆ ಬಹಳ ವಿಶ್ವಾಸ. ನನಗೆ ಎಂಟು ವರ್ಷವಿದ್ದಾಗ ಅವನು ಕೆಲಸ ಬಿಟ್ಟು ಊರಿಗೆ ಹೊರಟ. ಹೋಗುವ ದಿನ ಅಪ್ಪನನ್ನು ಕರೆದು ಒಂದು ಮರದ ಪೆಟ್ಟಿಗೆ ಕೊಟ್ಟ. ಅದರಲ್ಲಿ ಎಂಟು ಸಿಗಾರು. ಅಪ್ಪನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ದೊರೆ ಅರ್ಧ ಗಂಟೆ ಹೇಳಿದ್ದರಲ್ಲಿ ಅವನು ಹಿಡಿದುಕೊಂಡು ಬಂದದ್ದು ಎರಡು ಮಾತು. ಒಂದು, ಇದು ಮೈಲ್ಡು. ಎರಡು, ಇದಕ್ಕೆ ಬಿಸಿಲು ತೋರಿಸಬಾರದು.

ಮೊದಲನೇ ಮಾತೇ ಬೀದಿಯಲ್ಲಿ ಗದ್ದಲ ಎಬ್ಬಿಸಿತು. "ಮೈಲ್ಡಂತೆ" ಎಂದು ಅಪ್ಪ ಜಗಲಿಯ ಮೇಲೆ ಹೇಳಿದ. ಪಕ್ಕದ ಮನೆಯವರಿಗೆ ಅದು ಮೈಲು ಎಂದು ಕೇಳಿಸಿತು. ಒಂದು ಮೈಲಿ ದೂರಕ್ಕೆ ಹೊಗೆ ಹೋಗುವ ಚುಟ್ಟವಂತೆ ಎಂದು ಸಂಜೆಯ ಹೊತ್ತಿಗೆ ಸುದ್ದಿಯಾಯಿತು. ಕಿವಿ ಮಂದವಾಗಿದ್ದ ನಮ್ಮಜ್ಜಿಗೆ ಅದು ಮೈಲಿಗೆ ಎಂದೇ ಕೇಳಿಸಿ, "ಮೈಲ್ಗೆ ಚುಟ್ಟನ ಒಳೀಕ್ ತರ್ಬ್ಯಾಡ ಕಣ್ಲಾ ನಂಜ," ಎಂದು ಹೊಸ್ತಿಲಿಗೆ ಅಡ್ಡ ಕೂತಳು. ಅವಳಿಗೆ ಅರ್ಥ ಮಾಡಿಸಲು ಅಪ್ಪ ಕನ್ನಡದಲ್ಲಿ ಒಂದು ಮಾತು ಹುಡುಕಬೇಕಾಯಿತು. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ.

"ಸಾದು ಕಣವ್ವ. ಸಾದು ಅಸ ಇರಾಕಿಲ್ವಾ, ಮಕ್ಳು ಕೆಚ್ಲಿಗೆ ಬಾಯಾಕುದ್ರೂ ಒದಿಯಾಕಿಲ್ಲ, ಅಂಗೆ."

ಅಜ್ಜಿ ದಾರಿ ಬಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಒಳ್ಳೆಯದಕ್ಕೆಲ್ಲ ಸಾದು ಎಂಬ ಹೆಸರು ಬಂತು. ಸಾರು ಸಾದಾಗಿದೆ, ಬಿಸಿಲು ಸಾದಾಗಿದೆ. ನಾನು ಮಾತ್ರ ಸಾದಲ್ಲ ಎಂಬುದು ಅಜ್ಜಿಯ ತೀರ್ಮಾನವಾಗಿತ್ತು.

ಎರಡನೇ ಮಾತನ್ನು ಅಪ್ಪ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಪೆಟ್ಟಿಗೆಯನ್ನು ನೀರಿನ ಹಂಡೆಗಳಿದ್ದ ಕತ್ತಲೆ ಕೋಣೆಯ ಗೂಡಿನಲ್ಲಿಟ್ಟು, ಒಳಗೆ ಅಂಗೈಯಗಲ ಬಾಳೆಲೆಯ ತುಂಡನ್ನು ಒದ್ದೆ ಮಾಡಿ ಇಡುತ್ತಿದ್ದ. ವಾರಕ್ಕೊಮ್ಮೆ ಬದಲಿಸುತ್ತಿದ್ದ. ಅದು ತನ್ನೊಬ್ಬನ ಕೆಲಸ ಎಂದುಕೊಂಡಿದ್ದ.

ವರ್ಷಕ್ಕೆ ಒಂದೇ ಸಿಗಾರು. ಶಿವರಾತ್ರಿಯ ಹೊತ್ತಿಗೆ ಗೋಡೌನಿನ ತಕ್ಕಡಿಯನ್ನು ಇಳಿಸಿ ಗೋಣಿ ಸುತ್ತಿಟ್ಟ ಮಾರನೇ ದಿನ, ಊಟವಾದ ಮೇಲೆ, ಹಿತ್ತಲಿನ ಕಲ್ಲಿನ ಮೇಲೆ. ಅವ್ವನ ಅಡಕತ್ತರಿಯಲ್ಲಿ ತುದಿ ಕತ್ತರಿಸುವುದು, ಅವ್ವ "ಅಯ್ಯೋ ನನ್ ಅಡಕತ್ರಿ" ಎನ್ನುವುದು, ಎರಡೂ ಶಾಸ್ತ್ರದ ಹಾಗೆ ಪ್ರತಿ ವರ್ಷ ನಡೆಯುತ್ತಿದ್ದವು. ಕಡ್ಡಿ ಗೀರಿ, ಗಂಧಕದ ವಾಸನೆ ಹೋಗುವ ತನಕ ಕಾದು, ಉರಿಯನ್ನು ಮುಟ್ಟಿಸದೆ ತಿರುಗಿಸುತ್ತಾ ಹೊತ್ತಿಸುತ್ತಿದ್ದ. ಹೊಗೆಯನ್ನು ನುಂಗುತ್ತಿರಲಿಲ್ಲ. ಬಾಯಲ್ಲಿ ಒಂದು ಗಳಿಗೆ ಇಟ್ಟುಕೊಂಡು ಬಿಟ್ಟುಬಿಡುತ್ತಿದ್ದ. ಬೀಡಿ ಸೇದುವವರು ಮೂರು ಬೀಡಿ ಮುಗಿಸುವ ಹೊತ್ತಿಗೆ ಅಪ್ಪ ಮೂರು ಸಲ ಬಾಯಿಗಿಟ್ಟಿರುತ್ತಿದ್ದ. ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದ.

"ಮೂಸು. ಏನ್ ಬತ್ತದೆ?"

"ಆಲು ಕಾದಂಗೆ."

"ಸರಿ. ಇನ್ನೊಂದ್ ಬೆಳ್ಳು ಉರೀಲಿ, ಕಳ್ಳೆಕಾಯಿ ಬತ್ತದೆ. ಇದು ನಮ್ ಸೊಪ್ಪಲ್ಲ ಕಣಮ್ಮಿ. ನಮ್ದು ಬೆಂಕಿ ಕಂಡಿರದು. ಇದು ಬೆಂಕೀನೂ ಕಂಡಿಲ್ಲ, ಬಿಸ್ಲೂ ಕಂಡಿಲ್ಲ. ನೆಳ್ಳಾಗೆ, ಗಾಳೀಲೇ ಒಣಗಿರದು. ಅದ್ಕೇ ಯಾರ್ ಮ್ಯಾಲೂ ಸಿಟ್ಟಿಲ್ಲ ಇದ್ಕೆ."

ಬೂದಿ ಎರಡು ಬೆರಳಗಲ ಉದ್ದವಾದರೂ ಬೀಳುತ್ತಿರಲಿಲ್ಲ, ವಿಭೂತಿಯ ಬಿಳುಪು. ಮೂರನೇ ಒಂದು ಪಾಲು ಉಳಿದಿದೆ ಎನ್ನುವಾಗ ಆರಿಸಿಬಿಡುತ್ತಿದ್ದ. "ಕೊನೇಗಂಟ ಇಂಡುದ್ರೆ ಸಾದು ಅಸಾನೂ ಕೊಂಬ್ ಬೀಸ್ತದೆ," ಎನ್ನುತ್ತಿದ್ದ. ಗೋಡೌನಿನಲ್ಲಿ ಗುಡುಗುವ ಅಪ್ಪನಿಗೂ ಈ ಅಪ್ಪನಿಗೂ ಸಂಬಂಧವೇ ಇರಲಿಲ್ಲ. ಆ ಒಂದು ಗಂಟೆಯಲ್ಲಿ ಏನು ಕೇಳಿದರೂ ಸಿಗುತ್ತಿತ್ತು. ನನ್ನ ಮೊದಲ ಚಪ್ಪಲಿ, ಹಾಸನದ ಪ್ರಯಾಣ, ಹೈಸ್ಕೂಲಿಗೆ ಸೇರುವ ಅಪ್ಪಣೆ, ಎಲ್ಲ ಆ ಹೊಗೆಯಲ್ಲಿ ಕೇಳಿ ಪಡೆದದ್ದು.

ಒಂದು ಸಲ ನಾನೂ ಒಂದನ್ನು ಕದ್ದು, ಹಚ್ಚದೆ ಬಾಯಲ್ಲಿಟ್ಟುಕೊಂಡು, ಕನ್ನಡಿಯ ಮುಂದೆ ನಿಂತು ಬಿಳಿ ದೊರೆಯ ಇಂಗ್ಲಿಷು ಮಾತಾಡುತ್ತಿದ್ದೆ. ಕನ್ನಡಿಯಲ್ಲಿ ಹಿಂದೆ ಅಪ್ಪ ಕಾಣಿಸಿದ. ಹೊಡೆಯಲಿಲ್ಲ. ಸಿಗಾರನ್ನು ತೆಗೆದು ಒರೆಸಿ ಪೆಟ್ಟಿಗೆಗೆ ಹಾಕಿ, "ದೊರೆಸಾನಿ, ಓಗಿ ಮಗ್ಗಿ ಬಾಯ್ಪಾಟ ಮಾಡಿ," ಅಂದ. ಹೊಡೆದಿದ್ದರೆ ಮರೆತುಹೋಗುತ್ತಿತ್ತು.

ಈಗ ತಿಮ್ಮಮಾವನ ವಿಷಯ. ಅವ್ವನ ತಮ್ಮ. ಅವನು ಹುಟ್ಟಿದಾಗಲೇ ಅವರ ತಾಯಿ ತೀರಿಕೊಂಡರು. ಹತ್ತು ವರ್ಷದ ಅವ್ವ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದಳು. ಮದುವೆಯಾಗಿ ಅರಕಲಗೂಡಿಗೆ ಬಂದಾಗ ಅವನೂ ಜೊತೆಗೆ ಬಂದ. ಮೀಸೆ ಮೂಡುವ ತನಕ ನಮ್ಮ ಮನೆಯಲ್ಲೇ ಬೆಳೆದ. ಅಪ್ಪನ ಹಿಂದೆ ಗೋಡೌನಿಗೆ ಹೋಗಿ ಎಲೆ ಮೂಸುವುದನ್ನು ಕಲಿತ. ಆಮೇಲೆ ಮಲ್ಲಿಪಟ್ಟಣದ ಹತ್ತಿರವಿದ್ದ ತನ್ನ ಊರಿಗೆ ಹೋಗಿ, ತನ್ನ ಅಪ್ಪನ ಭೂಮಿಯಲ್ಲಿ ತಾನೂ ಹೊಗೆಸೊಪ್ಪು ಹಾಕಿದ. ಸೊಪ್ಪು ಬೇಯಿಸುವ ಮನೆ ಕಟ್ಟಿದ. ಮೊದಲನೇ ಬೆಳೆ. "ನಮ್ ಭಾವನ ಕೈಲಿ ಒಂದ್ನೇ ನಂಬ್ರು ಆಕುಸ್ಕಬತ್ತೀನಿ" ಎಂದು ಊರಿಗೆಲ್ಲ ಹೇಳಿ, ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ, ಗಾಡಿ ಹೂಡಿಕೊಂಡು ಬಂದ. ದೊರೆ ಹೋದ ಮಾರನೇ ವರ್ಷ ಅದು.

ಆತುರಗಾರ ಹುಡುಗ, ಎಲೆ ಬಣ್ಣ ಹಿಡಿಯುವ ಮುಂಚೆಯೇ ಬೆಂಕಿ ಜೋರು ಮಾಡಿದ್ದ. ಅಂಚುಗಳು ಕರಿಕಾಗಿದ್ದವು. ಅಪ್ಪ ಬೆಳಕಿಗೆ ಹಿಡಿದ, ಮುರಿದ, ಮೂರು ಸಲ ಮೂಸಿದ. ಸುತ್ತ ಐವತ್ತು ಜನ. ಅಪ್ಪ ನೀಲಿ ಪೆನ್ಸಿಲಿನಲ್ಲಿ ನಾಲ್ಕು ಎಂದು ಬರೆದ. ಯಾರೋ ನಕ್ಕರಂತೆ. ಮಾವ ಹೊರೆಗಳನ್ನು ಮತ್ತೆ ಗಾಡಿಗೆ ಹೇರಿಕೊಂಡು, ನಮ್ಮ ಮನೆಯ ಮುಂದಿನಿಂದಲೇ ಹೋದ. ಅವನಿಗೆಂದು ಹೋಳಿಗೆ ಮಾಡಿಟ್ಟಿದ್ದ ಅವ್ವ ಬಾಗಿಲಿಗೆ ಓಡಿ ಬಂದು ಕರೆದಳು. ಅವನು ಗಾಡಿ ನಿಲ್ಲಿಸಲಿಲ್ಲ. "ಇನ್ ಈ ಒಸ್ಲು ತುಳ್ಯಾಕಿಲ್ಲ ಕಣಕ್ಕ," ಎಂದಷ್ಟೇ ಹೇಳಿದ.

ಆ ಸಂಜೆ ಅವ್ವ ಕೇಳಿದ್ದನ್ನು ನಾನು ಕೇಳಿಸಿಕೊಂಡೆ. "ಒಂದ್ ಬ್ಯಾಡ, ಎಲ್ಡಾರ ಆಕ್ಬಾರ್ದಿತ್ತಾ? ನಿಮ್ ಕೈಲೇ ಬೆಳ್ದ ಮಗ."

"ಸೊಪ್ಪು ನಾಕು ಅಂತು. ನಾನ್ಯಾರು ಎಲ್ಡು ಅನ್ನಕೆ? ನಾಳೀಕೆ ಇನ್ನೊಬ್ಬನ್ ಸೊಪ್ಪಿಗೆ ಯಾವ್ ಮೊಕ ಇಟ್ಕಂಡ್ ನಾಕ್ ಆಕ್ಲಿ?"

ಅಪ್ಪನ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ತೊಂದರೆ. ತಪ್ಪಿದ್ದರೆ ಅವ್ವ ಜಗಳವಾಡಿ ಗೆಲ್ಲುತ್ತಿದ್ದಳು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಆದರೆ ಗೌರಿಹಬ್ಬಕ್ಕೆ ತವರಿನ ಬಾಗಿನ ಬರುವುದು ನಿಂತುಹೋಯಿತು. ಬೀದಿಯ ಹೆಂಗಸರಿಗೆಲ್ಲ ಅಣ್ಣತಮ್ಮಂದಿರು ಮೊರದಲ್ಲಿ ಬಳೆ ಅರಿಶಿನ ಕುಂಕುಮ ತರುವಾಗ, ಅವ್ವ ಮಲ್ಲಿಪಟ್ಟಣದ ಬಸ್ಸು ಬರುವ ಹೊತ್ತಿಗೆ ಬಾಗಿಲು ಗುಡಿಸುವ ನೆಪ ಮಾಡಿಕೊಂಡು ನಿಲ್ಲುತ್ತಿದ್ದಳು. ಕಡೆಯ ಬಾಗಿನದ ಮೊರವನ್ನು ಕೇರಲು ಬಳಸದೆ ಗೋಡೆಗೆ ತೂಗುಹಾಕಿದ್ದಳು. ಅಪ್ಪ ಆ ದಿನ ಬೇಗ ಗೋಡೌನಿಗೆ ಹೋಗುತ್ತಿದ್ದ. ಅಲ್ಲಿ ಆಗ ಸೊಪ್ಪೇ ಬಂದಿರುತ್ತಿರಲಿಲ್ಲ. ಹೀಗೆ ಐದು ಗೌರಿಹಬ್ಬ ಕಳೆದವು. ಪೆಟ್ಟಿಗೆಯಲ್ಲಿ ಮೂರು ಸಿಗಾರು ಉಳಿದಿದ್ದವು.

ನನಗೆ ಹದಿನಾಲ್ಕು ತುಂಬಿದ ವರ್ಷ ಅವ್ವನಿಗೆ ಹೊಟ್ಟೆನೋವು ಶುರುವಾಯಿತು. ದೀಪಾವಳಿ ಕಳೆದ ಮೇಲೆ ಹಾಸನದ ದೊಡ್ಡಾಸ್ಪತ್ರೆಗೆ ಸೇರಿಸುವುದೆಂದಾಯಿತು. ಹೋಗುವ ಮುಂಚೆ ಅವ್ವ ಮನೆಯನ್ನೆಲ್ಲ ಒಪ್ಪ ಮಾಡಿದಳು. ಮೆಣಸಿನಕಾಯಿ ಒಣಗಿಸಿದಳು, ಬೇಳೆಗೆ ಬಿಸಿಲು ತೋರಿಸಿದಳು, ಒಂದು ವರ್ಷಕ್ಕಾಗುವಷ್ಟು ಸಂಡಿಗೆ ಇಟ್ಟಳು. ಇಷ್ಟೊಂದು ಏಕೆ ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ಸಂಡಿಗೆ ಹಿಟ್ಟು ತಿಂದು ತಿಂದು ನನಗೂ ಹೊಟ್ಟೆನೋವು ಬಂದದ್ದು ಮಾತ್ರ ನೆನಪಿದೆ. ಹಾಗೆ ಕತ್ತಲೆ ಕೋಣೆ ಗುಡಿಸುವಾಗ ಪೆಟ್ಟಿಗೆ ಅವಳ ಕೈಗೆ ಸಿಕ್ಕಿತು. ತೆಗೆದು ನೋಡಿದರೆ ಒಳಗೆ ಅವ್ವನ ಕಾಯಿಲೆಯ ಗಡಿಬಿಡಿಯಲ್ಲಿ ಅಪ್ಪ ಬದಲಿಸಲು ಮರೆತು ಕೊಳೆತ ಬಾಳೆಲೆ, ಸಿಗಾರಿನ ಮೇಲೆ ಮಳೆಗಾಲದ ತೆಳ್ಳನೆಯ ಬಿಳಿ ಬೂಷ್ಟು. ಮುಟ್ಟಿದರೆ ಮೆತ್ತಗೆ.

"ಅಯ್ಯೋ ಶಿವನೇ, ಅವ್ರ್ ಚುಟ್ಟ ಕೆಟ್ಟೋಯ್ತಾ ಅವೆ."

ಹೊಗೆಸೊಪ್ಪಿನ ಸೀಮೆಯ ಹೆಂಗಸು. ಮೆತ್ತಗಾದ ಸೊಪ್ಪನ್ನು ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೋಡೆಯ ಮೇಲಿದ್ದ ತವರಿನ ಮೊರವನ್ನು ಇಳಿಸಿದಳು. ಬೂಷ್ಟನ್ನು ಸೆರಗಿನಿಂದ ಒರೆಸಿ, ಮೂರೂ ಸಿಗಾರನ್ನು ಮೊರದಲ್ಲಿ ಹರವಿ, ಮೂರು ದಿನ ಚುರುಗುಟ್ಟುವ ಬಿಸಿಲಿಗಿಟ್ಟಳು. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದಳು. ಕಾಗೆ ಕಾಯುವ ಕೆಲಸ ನನ್ನದು, ಚೆನ್ನಾಗಿಯೇ ಕಾದೆ. ಬಾಳೆಲೆ ಬಿಸಾಕಿ, ಹುಳ ಬರದಿರಲೆಂದು ನಾಲ್ಕು ಒಣ ಬೇವಿನೆಲೆ ಹಾಕಿ, ಪೆಟ್ಟಿಗೆಯನ್ನು ಗೂಡಿನಲ್ಲಿಟ್ಟಳು. ಅಪ್ಪನಿಗೆ ಹೇಳಲಿಲ್ಲ. ಶಿವರಾತ್ರಿಗೆ ತಾನೇ ತೆಗೆದು ನೋಡಲಿ ಎಂದುಕೊಂಡಿರಬೇಕು.

ಆಸ್ಪತ್ರೆಯಲ್ಲಿ ಹದಿನೈದು ದಿನವಾಯಿತು. ಹೊಟ್ಟೆಯಲ್ಲಿ ಗೆಡ್ಡೆ, ಕೊಯ್ಯುವ ಕಾಲ ಮೀರಿದೆ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಅಪ್ಪ ಅವ್ವನಿಗೆ ಹೇಳಲಿಲ್ಲ. ಅವ್ವನಿಗೆ ಹೇಳಬೇಕಾಗಿಯೂ ಇರಲಿಲ್ಲ. ಒಂದು ಬೆಳಿಗ್ಗೆ, ಬಟ್ಟೆ ತರಲು ಅಪ್ಪನೂ ನಾನೂ ಅರಕಲಗೂಡಿಗೆ ಹೊರಟಾಗ ಅವಳು ಹೇಳಿದಳು.

"ಏನೂಂದ್ರೆ, ಬರೋವಾಗ ಆ ಚುಟ್ಟದ್ ಪೆಟ್ಗೆ ತಗಂಬನ್ನಿ. ಬೂಷ್ಟ್ ಇಡ್ದಿದ್ವು. ಮೂರ್ ದಿನ ಬಿಸ್ಲಿಗಾಕಿ ಒಣಗ್ಸಿವ್ನಿ. ಸುಗ್ಗೀಲಿ ಸೇದಾಕಿಲ್ಲ ಅಂತ ಗೊತ್ತು. ಆದ್ರೂವೆ ಈ ಸಲ ಒಂದ್ ಸೇದಿ. ನಾನ್ ನೋಡ್ಬೇಕು."

ಬಿಸಿಲು ಎಂಬ ಮಾತಿಗೆ ಅಪ್ಪನ ಮುಖದಲ್ಲಿ ಏನೋ ಹಾದುಹೋಯಿತು. "ಊಂ," ಎಂದ. ಮನೆಗೆ ಬಂದವನು ನೇರ ಕತ್ತಲೆ ಕೋಣೆಗೆ ಹೋದ. ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಒತ್ತಿದ. ಹಪ್ಪಳ ಮುರಿದ ಸದ್ದು ನನಗೂ ಕೇಳಿಸಿತು. ಮೂಸಿದ. ಒಂದೇ ಸಲ. ಆಮೇಲೆ ಹಂಡೆಗೆ ಒರಗಿಕೊಂಡು ನೆಲದ ಮೇಲೆ ಕೂತ. ಬೈಯುತ್ತಾನೆ ಎಂದುಕೊಂಡೆ. ಕಾಗೆ ಕಾದವಳು ನಾನೇ ಅಲ್ಲವೇ, ನನಗೂ ಬೀಳುತ್ತದೆ ಎಂದು ಬಾಗಿಲಲ್ಲಿ ಅರ್ಧ ಮರೆಯಾಗಿ ನಿಂತೆ. ಅಪ್ಪ ಆ ನಾಲ್ಕು ಬೇವಿನೆಲೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಅಳುತ್ತಿದ್ದ. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ನಾಲ್ಕರ ಹೊತ್ತಿಗೆ ಮತ್ತೆ ಹಾಸನ. ಅವ್ವನ ಮಂಚದ ಪಕ್ಕ ಕಿಟಕಿ, ಕಿಟಕಿಯಾಚೆ ಹೊಂಗೆಮರ. ಅಪ್ಪ ಮರದ ಕೆಳಗೆ, ಅವಳಿಗೆ ಕಾಣುವ ಹಾಗೆ ಕೂತ. ಅಡಕತ್ತರಿಯನ್ನೂ ತಂದಿದ್ದ. ತುದಿ ಕತ್ತರಿಸುವಾಗ ಹೊದಿಕೆ ಎಲೆ ಸೀಳಿಕೊಂಡು ಪುಡಿ ಉದುರಿತು. ಹಚ್ಚಿದ. ಸಾದು ಹಸು ಕೊಂಬು ಬೀಸಿತೆಂದು ಆ ಕಪ್ಪು ಹೊಗೆ ನೋಡಿಯೇ ನನಗೆ ಗೊತ್ತಾಯಿತು. ಮೂಗಿಗೆ ಘಾಟು, ಹಾಲಿಲ್ಲ, ಕಡಲೆಕಾಯಿಯಿಲ್ಲ, ಬರೀ ಬೆಂಕಿ. ಅಪ್ಪನ ಕಣ್ಣಲ್ಲಿ ನೀರು ತುಂಬಿತು, ಕತ್ತಿನ ನರ ಉಬ್ಬಿತು. ಕೆಮ್ಮಲಿಲ್ಲ. ಸುಗ್ಗಿಯ ನಟ್ಟನಡುವೆ, ನಾಳೆ ಯಾವ ಎಲೆಯನ್ನೂ ಮೂಸಲು ಬಾರದ ಹಾಗೆ ಮೂಗು ಕೆಡಿಸಿಕೊಂಡು, ನಿಧಾನವಾಗಿ, ವರ್ಷವರ್ಷದ ಹಾಗೆಯೇ, ಬಾಯಲ್ಲಿ ಇಟ್ಟುಕೊಂಡು ಬಿಟ್ಟ.

"ಎಂಗದೆ?" ಅವ್ವ ಕಿಟಕಿಯಿಂದ ಕೇಳಿದಳು.

"ಸಾದು. ಶಾನೆ ಸಾದು."

"ಅಂಗಾರೆ ನಂಬ್ರು ಆಕಿ."

ಅಪ್ಪ ಕಿವಿಯ ಮೇಲಿನ ನೀಲಿ ಪೆನ್ಸಿಲ್ ತೆಗೆದು, ಪೆಟ್ಟಿಗೆಯ ಮುಚ್ಚಳದ ಮೇಲೆ ಕನ್ನಡದಲ್ಲಿ ಒಂದು ಎಂಬ ಅಂಕಿಯನ್ನು ದಪ್ಪಗೆ ಬರೆದು ತೋರಿಸಿದ. ಅವ್ವ ನಕ್ಕಳು.

ಅಪ್ಪ ಕಾಫಿ ತರಲು ಹೋದ ಮೇಲೆ ಅವ್ವ ಪೆಟ್ಟಿಗೆಯನ್ನು ಕೇಳಿ ಎದೆಯ ಮೇಲಿಟ್ಟುಕೊಂಡು, ಆ ಅಂಕಿಯ ಮೇಲೆ ಬೆರಳಾಡಿಸಿದಳು.

"ಕೆಡುಸ್ಬುಟ್ಟಿವ್ನಿ ಕಣಮ್ಮಿ ನಾನು."

"ಇಲ್ಲ ಕಣವ್ವ. ಒಂದ್ ಆಕವ್ನಲ್ಲ ಅಪ್ಪ."

"ಅದ್ಕೇ ಗೊತ್ತಾಗಿದ್ದು. ಮೂರ್ ಸಲ ಮೂಸ್ದೆ ನಂಬ್ರು ಆಕಿದ್ದ ಇವತ್ತೇ ನೋಡಿದ್ದು ನಾನು." ಕಿಟಕಿಯಾಚೆಯ ಹೊಂಗೆಮರದ ಕಡೆ ತಿರುಗಿದಳು. "ನಂಗೆ ಕಣ್ಮುಚ್ಕಂಡ್ ಆಕುದ್ರಲ್ಲ, ಅಂಗೇ ಅವತ್ತು ನಮ್ ತಿಮ್ಮಂಗೂ ಒಂದ್ ಆಕಿದ್ರೆ ಏನಾಗದು? ಐದ್ ವರ್ಸ ಆಯ್ತು ಮಗಾ ಅವನ್ ಮೊಕ ನೋಡಿ."

ಹಿಂತಿರುಗಿ ನೋಡಿದರೆ ಅಪ್ಪ ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. ಯಾವಾಗ ಬಂದಿದ್ದನೋ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವ್ವನ ಕಾಲ ಬಳಿ ಕೂತ. ಕಾಫಿ ಆರಿಹೋಯಿತು.

ಬೆಳಗಾಗುತ್ತಲೇ ಅಪ್ಪ ಮೊದಲ ಬಸ್ಸಿಗೆ ಹೊರಟ. ಅರಕಲಗೂಡಿನಲ್ಲಿ ಇಳಿದು, ಮಲ್ಲಿಪಟ್ಟಣದ ಬಸ್ಸು ಹಿಡಿದು, ಅಲ್ಲಿಂದ ನಡೆದು ಮಾವನ ಮನೆಗೆ ಹೋದ. ಮಾವ ಇರಲಿಲ್ಲ. "ಎತ್ ನೋಡಕ್ಕೆ ಓಳೆನರ್ಸೀಪುರದ್ ಕಡೀಕ್ ಓಗವ್ರೆ, ಬರಾದು ನಾಳೀಕೆ," ಎಂದು ಅವನ ಹೆಂಡತಿ ಹೇಳಿದಳು. ಅಪ್ಪ ಮಧ್ಯಾಹ್ನದ ತನಕ ಅವರ ಜಗಲಿಯ ಮೇಲೆ ಕೂತಿದ್ದು, ಮಜ್ಜಿಗೆ ಕುಡಿದು, "ಅಕ್ಕ ಕರಿತಾವ್ಳೆ ಅನ್ನವ್ವ. ಭಾವನೇ ಬಂದಿದ್ದ ಅನ್ನು," ಎಂದು ಹೇಳಿ ಬಂದ. ಬಂದು ಅವ್ವನಿಗೆ, ನಾಳೆ ಬರುತ್ತಾನೆ ಎಂದ. ಇದು ಸುಳ್ಳಾಗಿರಲಿಲ್ಲ. ಅವ್ವ ನನ್ನ ಕೈಲಿ ತಲೆ ಬಾಚಿಸಿಕೊಂಡಳು.

ಮಾವ ಮಾರನೇ ದಿನ ಹನ್ನೆರಡು ಗಂಟೆಗೆ ಬಂದ. ಅವ್ವ ಬೆಳಿಗ್ಗೆ ಎಂಟಕ್ಕೆ ಹೋಗಿದ್ದಳು. ಅವನು ಹೆಗಲ ಮೇಲೆ ಒಂದು ಗಂಟು ಹೊತ್ತು, ಬೆವರು ಒರೆಸಿಕೊಳ್ಳುತ್ತಾ ವರಾಂಡದಲ್ಲಿ ಬರುತ್ತಿದ್ದದ್ದು ನನಗೆ ಇವತ್ತಿಗೂ ಕಾಣುತ್ತದೆ. ಅಪ್ಪ ಎದ್ದು ನಿಂತ. ಮಾವನಿಗೆ ಅರ್ಥವಾಗಲಿಲ್ಲ, ಅಥವಾ ಆಯಿತೋ. "ಅವ್ರೆಕಾಯಿ ತಂದೆ ಭಾವ. ಸೊಗಡಿನ್ ಅವ್ರೆ. ಅಕ್ಕಂಗೆ ಪ್ರಾಣ ಅಲ್ವಾ," ಎನ್ನುತ್ತಲೇ ಇದ್ದ. ಗಂಟನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಬಹಳ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದ. ಕೊನೆಗೆ ನಾನು ಇಸಿದುಕೊಂಡೆ.

ಅಪ್ಪ ಆಮೇಲೂ ಹನ್ನೆರಡು ವರ್ಷ ನಂಬ್ರು ಹಾಕಿದ. ಯಾರೂ ತಪ್ಪು ಹೇಳಲಿಲ್ಲ. ಬೆಳಿಗ್ಗೆ ನಾನು ಮಾಡುತ್ತಿದ್ದ ಅಡುಗೆಗೆ ಮಾತ್ರ, "ಒಗ್ರಣೆ ಆಕಮ್ಮಿ, ಪರ್ವಾಗಿಲ್ಲ," ಎನ್ನುತ್ತಿದ್ದ. ಇದನ್ನು ಅವ್ವ ಕೇಳಿದ್ದರೆ ಎಷ್ಟು ನಗುತ್ತಿದ್ದಳೋ. ನನಗೆ ನಗು ಬರುತ್ತಿರಲಿಲ್ಲ, ಒಗ್ಗರಣೆಯ ಹೊಗೆಯಲ್ಲಿ ಅಳುವುದಕ್ಕೆ ಮಾತ್ರ ಅನುಕೂಲವಾಗುತ್ತಿತ್ತು.

ಅವ್ವನ ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮಧ್ಯಾಹ್ನ, ಅಪ್ಪ ಮತ್ತು ಮಾವ ಜಗಲಿಯ ಮೇಲೆ ಕೂತಿದ್ದರು. ನಾನು ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಆಸ್ಪತ್ರೆಗೆ ತಂದಿದ್ದ ಅದೇ ಅವರೆಕಾಯಿ, ಸಿಪ್ಪೆ ಬಾಡಿ ಹಳದಿಯಾಗಿತ್ತು, ಆದರೆ ಎಸೆಯಲು ಯಾರಿಗೂ ಮನಸ್ಸಾಗಿರಲಿಲ್ಲ. ಹತ್ತು ದಿನದಿಂದ ಅವರಿಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಅಪ್ಪ ಒಳಗೆ ಹೋಗಿ ಪೆಟ್ಟಿಗೆ ತಂದ. ಎರಡು ಉಳಿದಿದ್ದವು. ಒಂದನ್ನು ಮಾವನಿಗೆ ಕೊಟ್ಟು, ಕಡ್ಡಿ ಗೀರಿ ತಾನೇ ಹಚ್ಚಿದ. ಇನ್ನೊಂದನ್ನು ತಾನು ಹಚ್ಚಿಕೊಂಡ.

ಮಾವ ಒಂದು ಸಲ ಎಳೆದವನೇ ಬಗ್ಗಿ ಕೆಮ್ಮಿದ. ಕಣ್ಣೊರೆಸಿಕೊಂಡು ಸಿಗಾರನ್ನು ತಿರುಗಿಸಿ ನೋಡಿದ. ಅಪ್ಪನ ಕೈಯಲ್ಲಿ ಕಲಿತ ಮೂಗು.

"ಭಾವ, ಇದು ಕರಿಕಾಗೋಗದೆ. ಗಂಟ್ಲು ಕುಯ್ತದೆ." ಐದು ವರ್ಷ ಒಳಗಿಟ್ಟುಕೊಂಡಿದ್ದ ಮಾತನ್ನು ಆಮೇಲೆ ಮೆಲ್ಲಗೆ ಹೇಳಿದ. "ನಾಕ್ನೇ ನಂಬ್ರು."

"ಊಂ," ಅಂದ ಅಪ್ಪ. "ನಿಮ್ಮಕ್ಕ ಬಿಸ್ಲಿಗಾಕಿದ್ಲು. ಬೂಷ್ಟ್ ಇಡ್ದದೆ ಅಂತ. ಮೂರ್ ದಿನ, ನಿನ್ ಬಾಗ್ನದ್ ಮೊರದಾಗೆ."

ಮಾವ ಇಬ್ಬರ ನಡುವೆ ಇದ್ದ ಪೆಟ್ಟಿಗೆಯ ಮುಚ್ಚಳ ಮುಚ್ಚಿದ. ಅದರ ಮೇಲಿದ್ದ ಒಂದು ಎಂಬ ನೀಲಿ ಅಂಕಿಯನ್ನು ನೋಡಿದ. ಭಾವನ ಕೈಬರಹ ಅವನಿಗೆ ಗೊತ್ತಿರದುದೇನಲ್ಲ. ತಲೆ ತಗ್ಗಿಸಿ ಸೇದತೊಡಗಿದ. ಮೂರನೇ ಒಂದು ಪಾಲು ಉಳಿದಾಗ ಅಪ್ಪ ಆರಿಸಲಿಲ್ಲ, ಅವನೂ ಆರಿಸಲಿಲ್ಲ. ಕೆಮ್ಮುತ್ತಾ, ಕಣ್ಣು ಒರೆಸಿಕೊಳ್ಳುತ್ತಾ, ಬೆರಳು ಸುಡುವ ತನಕ ಇಬ್ಬರೂ ಸೇದಿದರು. ಆಮೇಲೆ ಮಾವ ಪೆಟ್ಟಿಗೆಯನ್ನು ಹೆಗಲ ಮೇಲಿನ ಟವಲಿನಿಂದ ಒರೆಸಿ, ಅಂಕಿ ಅಳಿಸದ ಹಾಗೆ ಸುತ್ತ ಮಾತ್ರ ಒರೆಸಿ, ಅಪ್ಪನ ತೊಡೆಯ ಮೇಲಿಟ್ಟ.

"ಸರ್ಯಾಗೇ ಆಕಿದ್ದೀಯ ಬುಡು ಭಾವ ನಂಬ್ರ," ಅಂದ.